ದೊಡ್ಡಮ್ಮ ಹಿಡಿದ ಬೆಂಡು

ಟಿಂಗಿ ಟಿಕೆಟ್ ತೆಗೆದುಕೊಂಡು ಓಡಿ ಬರುವಷ್ಟರಲ್ಲಿ ದೊಡ್ಡಮ್ಮ ಜೈಂಟ್ ವೀಲ್ ಹತ್ತುವ ಸಾಲಿನ ಮಧ್ಯೆ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ಬಿಟ್ಟುಕೊಂಡು ನಿಂತಿದ್ದಳು. ದೊಡ್ಡಮ್ಮನ ಬಾಯಿ ಮಾತಿಲ್ಲದೆ ತೆರೆದಿದ್ದನ್ನು ಟಿಂಗಿ ಇದುವರೆಗೂ ಕಂಡವಳಲ್ಲ.

"ಎಷ್ಟೆತ್ತರ ಇದೆಯೇ ಇದು?"

"ನಲವತ್ತು ಅಂತಸ್ತು, ದೊಡ್ಡಮ್ಮ."

"ಅಯ್ಯೋ ನಿನ್ನ! ನಲವತ್ತು ಅಂತಸ್ತಿನ ಸೈಕಲ್ ಚಕ್ರ ಕಣೇ ಇದು!"

ಟಿಂಗಿಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಅವಳೂ ಮೊದಲ ಸಲ ನೋಡಿದಾಗ ಅಂದುಕೊಂಡಿದ್ದು ಅದನ್ನೇ. ನಡುವೆ ದೊಡ್ಡ ಗುಂಬ, ಸುತ್ತ ಗಾಜಿನ ಗೂಡುಗಳನ್ನು ಹೊತ್ತ ತೆಳ್ಳಗಿನ ರಿಮ್ಮು, ಎರಡಕ್ಕೂ ನಡುವೆ ಕಡ್ಡಿಗಳ ಹಾಗೆ ಬಿಗಿದ ಉಕ್ಕಿನ ಹಗ್ಗಗಳು. ಒಂದೊಂದು ಹಗ್ಗ ಅವಳ ತೋಳಿನಷ್ಟು ದಪ್ಪ. ಕೆಳಗೆ ನಿಂತವರ ಕಣ್ಣಿಗೆ ಮಾತ್ರ ಜೇಡರ ಬಲೆಯ ಎಳೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮೂವತ್ತು ವರ್ಷದಿಂದ ಸೈಕಲ್ ಅಂಗಡಿ ಅವಳದು. ಯಾವ ಗುಂಡಿಗೆ ಬಿದ್ದು ಸೊಟ್ಟಗಾದ ಚಕ್ರ ಬಂದರೂ ಸ್ಟ್ಯಾಂಡಿಗೆ ಏರಿಸಿ, ತಿರುಗಿಸಿ, ಹೆಬ್ಬೆರಳಿನ ಉಗುರನ್ನು ರಿಮ್ಮಿನ ಪಕ್ಕಕ್ಕೆ ಹಿಡಿದು ಬೆಂಡ್ ತೆಗೆಯುವವಳು. ಆರನೇ ವಯಸ್ಸಿಗೆ ಆ ಅಂಗಡಿಗೆ ಬಂದು ಬಿದ್ದ ತಂಗಿಯ ಮಗಳು, ಕಡ್ಡಿಗಳನ್ನು ಬೆರಳಿನಿಂದ ಟಿಂಗ್ ಟಿಂಗ್ ಎಂದು ಮೀಟಿ ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳಲು ಕಲಿತಳು. ಹೆಸರೂ ಹಾಗೇ ಅಂಟಿಕೊಂಡಿತು.

ಆ ಕಿವಿಯೇ ಈಗ ಅವಳನ್ನು ಪೇಚಿಗೆ ಸಿಕ್ಕಿಸಿತ್ತು. ಈ ಚಕ್ರದ ಹಗ್ಗಗಳನ್ನು ನೋಡಿಕೊಳ್ಳುವ ತಂಡಕ್ಕೆ ಒಬ್ಬರು ಬೇಕು ಎಂದು ತಿಳಿದಾಗ ಟಿಂಗಿ ಯಾರಿಗೂ ಹೇಳದೆ ಪರೀಕ್ಷೆಗೆ ಹೋಗಿದ್ದಳು. ಸಾಲಾಗಿ ಕಟ್ಟಿದ ಐದು ಹಗ್ಗಗಳನ್ನು ಸ್ಪ್ಯಾನರಿನಿಂದ ತಟ್ಟಿ, ಅಂಗೈ ಇಟ್ಟು, "ಮೂರನೇದು ಸಡಿಲ ಸಾರ್" ಎಂದಿದ್ದಳು. ಬಿಗಿ ಅಳೆಯುವ ಮೀಟರ್ ಹಾಕಿ ನೋಡಿದರು, ಹೌದು. ಕೆಲಸ ನಿನ್ನದೇ ಎಂದರು. ಬರುತ್ತೀಯೋ ಇಲ್ಲವೋ ಎಂದು ಇವತ್ತು ಸಂಜೆ ಐದರೊಳಗೆ ಆಫೀಸಿಗೆ ಬಂದು ಹೇಳಬೇಕು.

ಆದರೆ ದೊಡ್ಡಮ್ಮ ಹೋದ ತಿಂಗಳಷ್ಟೇ ಅಂಗಡಿಗೆ ಹೊಸ ಬೋರ್ಡು ಬರೆಸಿ, ತನ್ನ ಹೆಸರಿನ ಪಕ್ಕದಲ್ಲಿ ಟಿಂಗಿಯ ಹೆಸರನ್ನೂ ಹಾಕಿಸಿದ್ದಳು. ಅವಳು ಹೂಂ ಅನ್ನದೆ ಟಿಂಗಿ ಹೋಗುವವಳಲ್ಲ. ಬಾಯಿಬಿಟ್ಟು ಕೇಳುವ ಧೈರ್ಯವೂ ಇಲ್ಲ. ಸುಮ್ಮನೆ ಸುತ್ತಾಡಿ ಬರೋಣ ಎಂದು ಕರೆತಂದಿದ್ದಳು. ಚಕ್ರದ ತುದಿ ಮುಟ್ಟಿದಾಗ ಹೇಳಿಬಿಡುವುದು ಎಂದು ಲೆಕ್ಕ ಹಾಕಿದ್ದಳು.

ಗಾಜಿನ ಗೂಡು ನಿಲ್ಲದೆ, ಬಸವನ ಹುಳುವಿನ ಹಾಗೆ ಜಾರುತ್ತಾ ಬಂತು.

"ನಿಲ್ಸೋದೇ ಇಲ್ವೇನಮ್ಮ ನೀವು?" ದೊಡ್ಡಮ್ಮ ಬಾಗಿಲಲ್ಲಿದ್ದ ಸಮವಸ್ತ್ರದವಳನ್ನು ಗದರಿದಳು.

"ಇಲ್ಲಮ್ಮಾ, ನಡೀತಾನೇ ಹತ್ತಬೇಕು."

"ಸಿಟಿ ಬಸ್ಸು ಇದ್ದಂಗಿದೆ," ಎಂದು ಗೊಣಗಿ, ಸೀರೆ ಎತ್ತಿ ಹಿಡಿದು ಒಂದೇ ಹೆಜ್ಜೆಗೆ ಹತ್ತಿಬಿಟ್ಟಳು.

ಗೂಡು ಏರಿತು. ಮರಗಳು ಕೊತ್ತಂಬರಿ ಕಟ್ಟಿನಷ್ಟಾದವು. ನದಿ ಬಿಸಿಲಿಗೆ ಮಿಂಚುತ್ತಾ ಸೇತುವೆಗಳ ಕೆಳಗೆ ನುಸುಳಿ ಹೋಗುತ್ತಿತ್ತು. ತಾರಸಿಗಳ ಮೇಲೆ ಒಣಗಲು ಹಾಕಿದ ಬಟ್ಟೆಗಳು ಚುಕ್ಕಿ ಚುಕ್ಕಿ, ರೈಲೊಂದು ಕಂಬಳಿ ಹುಳುವಿನ ಹಾಗೆ ಊರನ್ನು ದಾಟುತ್ತಿತ್ತು. ಜೊತೆಗಿದ್ದ ಹೊಸ ಗಂಡ ಹೆಂಡತಿ ಗಾಜಿಗೆ ಮೂಗು ಒತ್ತಿಕೊಂಡು "ಅದು ನಮ್ಮನೆ, ಅಲ್ಲ ಇದು ನಮ್ಮನೆ" ಎಂದು ಜಗಳಕ್ಕೇ ಬಿದ್ದಿದ್ದರು. ಟೋಪಿ ಹಾಕಿಕೊಂಡ ದಪ್ಪನೆಯ ಯಜಮಾನರೊಬ್ಬರು ಫೋಟೋದ ಮೇಲೆ ಫೋಟೋ ತೆಗೆಯುತ್ತಿದ್ದರು.

ದೊಡ್ಡಮ್ಮ ಊರಿಗೇ ಬೆನ್ನು ಹಾಕಿ ನಿಂತಿದ್ದಳು. ಅವಳ ಕಣ್ಣು ಚಕ್ರದ ಗುಂಬದ ಮೇಲೆ.

"ನೋಡೇ, ಇದರಲ್ಲಿ ಒಂದು ಕಡ್ಡಿನೂ ತಳ್ತಾ ಇಲ್ಲ. ಎಲ್ಲಾ ಎಳೀತಾನೇ ಇವೆ. ಒಂದನ್ನೊಂದು ಎಳ್ಕೊಂಡೇ ಇಷ್ಟು ಜನರನ್ನ ಹೊತ್ಕೊಂಡಿವೆ. ಏನು ತಲೆ ಓಡ್ಸಿದಾರೋ ಪುಣ್ಯಾತ್ಮರು!"

ಈಗಲೇ ಹೇಳಬೇಕು. ಟಿಂಗಿ ಬಾಯಿ ತೆರೆದಳು.

ಅಷ್ಟರಲ್ಲಿ ದೊಡ್ಡಮ್ಮ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಜಿಗೆ ಒತ್ತಿ, ಉಗುರನ್ನು ಆಚೆ ಬದಿಯ ರಿಮ್ಮಿಗೆ ಸರಿಯಾಗಿ ಹಿಡಿದಳು. ಒಂದು ನಿಮಿಷ ಹಾಗೇ ಹಿಡಿದಿದ್ದಳು. ಆಮೇಲೆ ಅಂಗಡಿಯಲ್ಲಿ ಕೂಗುವ ಅದೇ ಗಂಟಲಲ್ಲಿ:

"ಬೆಂಡ್ ಇದೆ ಕಣೇ ಇದಕ್ಕೆ!"

ಫೋಟೋ ತೆಗೆಯುತ್ತಿದ್ದ ಯಜಮಾನರ ಕೈ ನಿಂತಿತು. "ಏನಿದೆ ಅಂದ್ರಿ?"

"ಬೆಂಡು ರೀ. ಚಕ್ರ ಸೊಟ್ಟಗಿದೆ. ನನ್ನ ಉಗುರಿಗೂ ಅದಕ್ಕೂ ಆಗಲೇ ನಾಲ್ಕು ಬೆರಳು ಅಂತರ ಆಯ್ತು."

ಹೊಸ ಹೆಂಡತಿ ಗಂಡನ ತೋಳು ಹಿಡಿದಳು. ಗಂಡ ಕಂಬ ಹಿಡಿದ. ಯಜಮಾನರು ಮೆಲ್ಲಗೆ ಬೆಂಚಿನ ಮೇಲೆ ಕೂತು, "ಇಳಿಯೋಕೆ ಇನ್ನೂ ಎಷ್ಟು ಹೊತ್ತಿದೆ?" ಎಂದರು.

"ಏನೂ ಆಗಿಲ್ಲ, ಗಾಬರಿ ಬೀಳಬೇಡಿ!" ಟಿಂಗಿ ನಡುವೆ ನುಗ್ಗಿದಳು. "ದೊಡ್ಡಮ್ಮ, ಅಲ್ಲಾಡ್ತಿರೋದು ಚಕ್ರ ಅಲ್ಲ, ನಿನ್ನ ಹೆಬ್ಬೆರಳು. ನಾವು ನಿಂತಿರೋ ಗೂಡು ನೆಟ್ಟಗಿರೋಕೆ ತನ್ನಷ್ಟಕ್ಕೆ ತಾನು ತಿರುಗ್ತಾ ಇದೆ. ಅದರ ಜೊತೆ ನೀನೂ ತಿರುಗ್ತಿದ್ದೀಯ. ಸ್ಟ್ಯಾಂಡಿಗೆ ಹಾಕದೆ ಬೆಂಡ್ ನೋಡಬಾರದು ಅಂತ ನನಗೆ ಹೇಳ್ಕೊಟ್ಟೋರು ಯಾರು?"

ದೊಡ್ಡಮ್ಮ ಉಗುರನ್ನು ನೋಡಿದಳು, ರಿಮ್ಮನ್ನು ನೋಡಿದಳು, ಕಾಲ ಕೆಳಗಿನ ನೆಲವನ್ನೂ ನೋಡಿದಳು. "ಹಾಗಂತೀಯಾ? ಸರಿ, ಇಳಿದು ನೋಡ್ತೀನಿ. ಅಲ್ಲೀ ತನಕ ನನ್ನ ಮಾತು ನನ್ನದೇ."

"ಅಲ್ಲೀ ತನಕ ನಮ್ಮ ಗತಿ ಏನಮ್ಮಾ?" ಎಂದರು ಯಜಮಾನರು.

"ನನ್ನ ಕೈ ಹಿಡ್ಕೊಂಡು ಕೂತ್ಕೊಳ್ಳಿ, ಏನೂ ಆಗಲ್ಲ," ಎಂದಳು ದೊಡ್ಡಮ್ಮ. ಅವರು ನಿಜವಾಗಿಯೂ ಹಿಡಿದುಕೊಂಡರು. ತುದಿ ಬಂತು, ತುದಿ ಹೋಯಿತು. ಟಿಂಗಿಯ ಮಾತು ಹೊಟ್ಟೆಯಲ್ಲೇ ಉಳಿಯಿತು.

ಇಳಿದದ್ದೇ ದೊಡ್ಡಮ್ಮ ಚಕ್ರದ ಬುಡದ ಕಂಬಿ ಬೇಲಿಯ ಹತ್ತಿರ ಹೋದಳು. ಅಲ್ಲಿ ರಿಮ್ಮು, ಲಾರಿಯ ಟೈರಿನಷ್ಟು ದೊಡ್ಡ ರಬ್ಬರ್ ಚಕ್ರಗಳ ನಡುವೆ ಹಾದುಹೋಗುತ್ತಿತ್ತು. ಪಕ್ಕದಲ್ಲಿ ನೆಲಕ್ಕೆ ಹೂತ ಕಬ್ಬಿಣದ ಗೂಟ. ದೊಡ್ಡಮ್ಮ ಒಂದು ಕಣ್ಣು ಮುಚ್ಚಿ, ಗೂಟಕ್ಕೂ ರಿಮ್ಮಿಗೂ ನಡುವಿನ ಸಂದಿಗೆ ಉಗುರು ಹಿಡಿದು ನಿಂತಳು. ಕೈ ನೋಯುವಾಗ ಕೈ ಬದಲಿಸಿದಳು. ಪೂರ್ತಿ ಒಂದು ಸುತ್ತು ಎಂದರೆ ಅರ್ಧ ಗಂಟೆ. ನಾಲ್ಕೂವರೆ ಆಯಿತು. ಟಿಂಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಹೇಳಲೋ ಬೇಡವೋ ಎಂದು ಬೇಯುತ್ತಿದ್ದಳು.

ದೊಡ್ಡಮ್ಮ ಕೈ ಇಳಿಸಿದಳು.

"ಒಂದು ಕೂದಲೆಳೆಯಷ್ಟೂ ಇಲ್ಲ ಕಣೇ." ಧ್ವನಿ ಮೆತ್ತಗಾಗಿತ್ತು. "ನನ್ನ ಕೈಯಲ್ಲಿ ಇಪ್ಪತ್ತಾರು ಇಂಚಿನ ಚಕ್ರಾನೂ ಇಷ್ಟು ನೆಟ್ಟಗೆ ಬಂದಿಲ್ಲ. ಯಾರೇ ಬಿಗಿಯೋದು ಇದನ್ನ?"

"ಆರು ಜನ ಇದಾರೆ ದೊಡ್ಡಮ್ಮ." ಟಿಂಗಿ ಒಂದು ಹೆಜ್ಜೆ ಮುಂದೆ ಬಂದಳು. "ಏಳನೆಯವಳು ನಾನು. ಅಂದ್ರೆ, ಕರೆದಿದಾರೆ. ಐದರೊಳಗೆ ಹೇಳ್ಬೇಕು. ನೀನು ಬೇಡ ಅಂದ್ರೆ ಬೇಡ."

ದೊಡ್ಡಮ್ಮ ತಿರುಗಿ ನೋಡಲಿಲ್ಲ. ಒಂದು ಗೂಡು ಬಂತು, ಜನ ಇಳಿದರು. ಇನ್ನೊಂದು ಬಂತು.

"ಪರೀಕ್ಷೆ ಮಾಡಿದ್ರಾ?"

"ಹೂಂ. ತಟ್ಟಿ ನೋಡು ಅಂದ್ರು."

"ಏನಂತ ಹೇಳ್ದೆ?"

"ಮೂರನೇದು ಸಡಿಲ ಅಂತ. ಸರಿ ಇತ್ತು."

"ಸರಿ ಇರದೆ ಇನ್ನೇನು. ಹದಿನೇಳು ವರ್ಷ ತಲೆ ಮೇಲೆ ಕುಟ್ಟಿದ್ದೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟು ಮೇಲೆ ಹತ್ತಬೇಕಾ?"

"ಸೊಂಟಕ್ಕೆ ಎರಡು ಹಗ್ಗ ಕಟ್ಟಿರ್ತಾರೆ."

"ಮೂರು ಕಟ್ಟು ಅನ್ನು." ಆಮೇಲೆ ಒಮ್ಮೆಲೇ ಸಿಡುಕಿದಳು. "ಏನೇ ಕಂಬದ ಹಾಗೆ ನಿಂತಿದ್ದೀಯ? ಐದಾಗ್ತಾ ಬಂತು. ಓಡು, ಹೂಂ ಅಂತ ಹೇಳಿ ಬಾ!"

ಟಿಂಗಿ ಓಡಿದಳು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುತ್ತಾ ಒಮ್ಮೆ ತಿರುಗಿ ನೋಡಿದಳು. ಟೋಪಿಯ ಯಜಮಾನರು ದೊಡ್ಡಮ್ಮನನ್ನು ಹುಡುಕಿಕೊಂಡು ಬಂದಿದ್ದರು. ಬೆಂಡ್ ಇದೆಯೋ ಇಲ್ಲವೋ ತಿಳಿಯದೆ ಮನೆಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲವೇನೋ. ದೊಡ್ಡಮ್ಮ ಎರಡೂ ಕೈಯನ್ನು ಆಕಾಶಕ್ಕೆ ಚಾಚಿ ಅವರಿಗೆ ಹಗ್ಗಗಳನ್ನು ತೋರಿಸುತ್ತಿದ್ದಳು. ಅವಳ ಗಂಟಲು ಮೆಟ್ಟಿಲವರೆಗೂ ಕೇಳುತ್ತಿತ್ತು.

"ಧೈರ್ಯವಾಗಿ ಹತ್ರೀ! ನಮ್ಮ ಹುಡುಗೀನೇ ಬಿಗಿಯೋದು!"