ಎಂಜಿನ್ನಿನ ಕೆಳಗಿನ ಕಾಗದ

ಅಂಗೈಯೊಳಗಿನ ಇಷ್ಟಲಿಂಗಕ್ಕೆ ಎರಡನೆಯ ಪತ್ರಿ ಏರಿಸುತ್ತಿದ್ದಾಗ ಹೊರಗೆ ಪಡಸಾಲೆಯಲ್ಲಿ ಅಜ್ಜಪ್ಪನ ಫೋನು ರಿಂಗಾಯಿತು. ಪೂಜೆಗೆ ಕುಳಿತ ಮಾವನನ್ನು ಸೊಸೆ ನಿರ್ಮಲಾ ಎಂದೂ ಮಾತಾಡಿಸಿದವಳಲ್ಲ. ಆ ದಿನ ಫೋನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು.

"ಯಾರದವ್ವಾ?"

"ರಾಣೆಬೆನ್ನೂರಿಂದ ಅಯಾಜ್ ರೀ. ಮಕ್ತುಮಸಾಬ ಕಾಕಾ... ನಸುಕಿನ್ಯಾಗ ಹೋದ್ರಂತ."

ಅಜ್ಜಪ್ಪ ಕೈಯಲ್ಲಿದ್ದ ಪತ್ರಿಯನ್ನು ಲಿಂಗದ ಮೇಲಿಟ್ಟ. ಉಳಿದ ಪೂಜೆಯನ್ನು ಒಂದೂ ಬಿಡದೆ ಮುಗಿಸಿದ. ಅವನ ಮೊಣಕಾಲಿನ ನೋವು ಹಳೆಯದು. ನಿರ್ಮಲಾ ಕೈ ಹಿಡಿದು ಎಬ್ಬಿಸಿದಳು.

"ಮಣ್ಣು ಎಷ್ಟೊತ್ತಿಗಂತ?"

"ಮಧ್ಯಾಹ್ನದ ನಮಾಜ್ ಆದಮ್ಯಾಲಂತ್ರಿ."

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಅವನು ಬಸ್ಸು ಹತ್ತಿದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪ ಕೊಂಡಿದ್ದ ಹಳೆಯ ಅಂಬಾಸಿಡರ್ ಇತ್ತು. ಆದರೆ ಎಂಟು ದಿನದ ಹಿಂದೆ ಕಾರ್ಬೊರೇಟರ್ ಸೋರುತ್ತದೆಂದು ಅದನ್ನು ಗೆಳೆಯ ಮಕ್ತುಮನ ರಿಪೇರಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಆಮೇಲೆ ನಾಲ್ಕು ಸಲ ಫೋನು ಮಾಡಿದ್ದ. ಮಕ್ತುಮ ಎತ್ತಿರಲಿಲ್ಲ. ಸಾಬನಿಗೆ ಈಗ ಸೊಕ್ಕು ಬಂದಿದೆ ಎಂದು ಮನೆಯಲ್ಲಿ ಅಂದಿದ್ದ. ಮೋಟೆಬೆನ್ನೂರು ದಾಟುವತನಕ ಆ ಮಾತೇ ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಮಕ್ತುಮಸಾಬನ ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಇಕ್ಕಟ್ಟಿನ ಓಣಿ. ಆ ಓಣಿಯ ಬಾಯಿಗೆ ಅಡ್ಡಲಾಗಿ ಅಂಬಾಸಿಡರ್ ನಿಂತಿತ್ತು, ಮುಂದಿನ ಮುಚ್ಚಳ ತೆರೆದುಕೊಂಡು. ಜನ ಒಬ್ಬೊಬ್ಬರಾಗಿ ಮೈ ಓರೆ ಮಾಡಿ ಒಳಗೆ ಹೋಗುತ್ತಿದ್ದರು. ಹೆಗಲ ಮೇಲೆ ಹೆಣ ಹೊತ್ತವರಿಗೆ ಅಲ್ಲಿ ದಾರಿ ಇರಲಿಲ್ಲ.

"ಬಂದ್ರಾ ಸಾವ್ಕಾರ್ರ?" ಎಂದ ಎದುರು ಮನೆಯ ನಬಿಸಾಬ. "ನಿಮ್ಮ ಗಾಡಿ ನೋಡ್ರಿ, ಇವತ್ತೂ ಅವನನ್ನ ಬಿಡವಲ್ದು. ಹತ್ತು ಮಂದಿ ಅದೇವಿ, ನೂಕಿ ರಸ್ತೆಗೆ ಹಾಕೂಣೇನು?"

ಅಜ್ಜಪ್ಪ ಮಕ್ತುಮನ ಮಗ ಅಯಾಜನ ಮುಖ ನೋಡಿದ. ಅಯಾಜ್ ತಲೆ ತಗ್ಗಿಸಿದ.

"ಕಾಕಾ, ನಲವತ್ತು ವರ್ಷದಾಗ ಅಬ್ಬಾ ಒಂದು ಗಾಡಿನೂ ನೂಕಿಸಿ ಹೊರಗ ಕಳಿಸಿಲ್ಲ. ಬಂದ ಗಾಡಿ ತನ್ನ ಕಾಲ ಮ್ಯಾಲೆ ಹೋಗಬೇಕು ಅಂತಿದ್ರು. ಕಡೀ ಗಾಡಿ ನಿಮ್ಮದ. ಅದನ್ನ ನೂಕಿಸಿ, ಅದರ ಹಿಂದಿಂದ ಅವರನ್ನ ಒಯ್ಯೂದು... ನನಗ ಆಗವಲ್ದು."

"ಎಷ್ಟು ವ್ಯಾಳ್ಯಾ ಐತಿ?"

"ಎರಡು ತಾಸು."

ಅಜ್ಜಪ್ಪ ಒಳಗೆ ಹೋಗಿ ಗೆಳೆಯನ ಮುಖ ನೋಡಿದ. ಹುಬ್ಬಿನ ಸಂದಿಯಲ್ಲಿ ಒಂದು ಕರಿ ಎಣ್ಣೆಯ ಗೆರೆ ಇನ್ನೂ ಇತ್ತು. ಹೊರಗೆ ಬಂದು ಅಂಗಿಯ ತೋಳು ಮಡಚಿದ.

"ನಡಿ ತಮ್ಮಾ."

*

ಮೂವತ್ತೆಂಟು ವರ್ಷದ ಹಿಂದೆ, ಶ್ರಾವಣದ ಒಂದು ಶನಿವಾರ, ತಾಯಿ ಗದಿಗೆವ್ವನನ್ನು ಕೂರಿಸಿಕೊಂಡು ಅಜ್ಜಪ್ಪ ಕದರಮಂಡಲಗಿಯ ಹನುಮಪ್ಪನಿಗೆ ಹೊರಟಿದ್ದ. ಗುಡಿ ಇನ್ನೇನು ಬಂತು ಅನ್ನುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದು ಗಾಡಿ ನಿಂತಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಬಡಕಲು ಹುಡುಗನೊಬ್ಬ ಇಳಿದ.

"ಬೀಡಿ ಯಾರರ ಸೇದ್ತೀರೇನು? ಇಲ್ಲಲ್ಲಾ? ಹಂಗಾರ ಮುಚ್ಚಳ ತಗೀರಿ."

ಅವನು ಕಾರ್ಬೊರೇಟರ್ ಬಿಚ್ಚಿ ಒಳಗಿನಿಂದ ನಿಂಬೆಹಣ್ಣಿನಷ್ಟು ದೊಡ್ಡ ಹಿತ್ತಾಳೆಯ ಪೊಳ್ಳು ಗುಂಡು, ಅದೇ ಫ್ಲೋಟ್, ತೆಗೆದ. ಅಜ್ಜಪ್ಪನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಕೇಳ್ರಿ. ಒಳಗ ಪೆಟ್ರೋಲ್ ಕುಣ್ಯಾಕತ್ತೈತಿ. ಇದು ತೇಲಿದ್ರ ಸೂಜಿ ಮ್ಯಾಲೆ ಹೋಗಿ ಪೆಟ್ರೋಲ್ ಬಂದ್ ಆಗ್ತೈತಿ. ಇದರ ಹೊಟ್ಟ್ಯಾಗ ತೂತು ಬಿದ್ದು, ಮುಳಗಿ ಕುಂತೈತಿ. ಸೋರಲಾರದ ಏನ ಮಾಡ್ತೈತಿ?"

ಗುಡಿಯ ಮುಂದಿನ ಚಹಾದ ಅಂಗಡಿಯಿಂದ ಕುದಿಯುವ ನೀರು ತಂದು ಅದರಲ್ಲಿ ಮುಳುಗಿಸಿದ. ಒಂದು ಕಡೆಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಕಲಾಯಿ ಮಾಡುವವನ ಹತ್ತಿರ ಓಡಿಹೋಗಿ ಅಲ್ಲಿಗೆ ಬೆಸುಗೆ ಹಾಕಿಸಿಕೊಂಡು ಬಂದ. ಗಾಡಿ ಚಾಲೂ ಮಾಡಿ, ಎಂಜಿನ್ನಿನ ಕೆಳಗೆ ನೆಲದ ಮೇಲೆ ಒಂದು ಹಳೆಯ ಪೇಪರ್ ಹಾಸಿದ.

"ನೀವು ದೇವ್ರಿಗೆ ಹೋಗಿ ಬರ್ರಿ. ಎಂಜಿನ್ ಚಾಲೂ ಇರ್ಲಿ, ನಾ ಇಲ್ಲೇ ಕುಂದರ್ತೇನಿ. ಕಾಗದ ಒಣಗೇ ಇತ್ತಂದ್ರ ಹನುಮಪ್ಪ ಒಪ್ಪ್ಯಾನ."

ಅವರು ತಿರುಗಿ ಬಂದಾಗ ಕಾಗದ ಒಣಗಿಯೇ ಇತ್ತು. ಗದಿಗೆವ್ವ ಅವನ ಬೊಗಸೆಯಲ್ಲಿ ಕಾಯಿ, ಬೆಲ್ಲ ಹಾಕಿ ಹೆಸರು ಕೇಳಿದಳು. ಅಂದಿನಿಂದ ಆ ಗಾಡಿಯನ್ನು ಬೇರೆ ಯಾರೂ ಮುಟ್ಟಲಿಲ್ಲ. ಮಕ್ತುಮ ಬಿಚ್ಚುತ್ತಿದ್ದ, ಅಜ್ಜಪ್ಪ ಬೆಳಕಿಗೆ ಕೈಬ್ಯಾಟರಿ ಹಿಡಿಯುತ್ತಿದ್ದ. ಬ್ಯಾಟರಿ ಅಲುಗಿದರೆ ಬೈಗುಳ ಬೀಳುತ್ತಿತ್ತು.

*

"ಸೂಜಿ ಹೊಸಾದು ಹಾಕ್ಯಾರ ಕಾಕಾ," ಎಂದ ಅಯಾಜ್. "ಆದ್ರೂ ಸೋರತೈತಿ. ನಿನ್ನಿ ಸಂಜಿಕ ಮತ್ತ ಬಿಚ್ಚಿದ್ರು. ಎದಿ ಹಿಡದಂಗ ಆಗೇತಿ, ನಾಳೆ ನೋಡೂಣು ಅಂದು ಮಲಗಿದ್ರು."

ಬಿಚ್ಚಿದ ಸಾಮಾನೆಲ್ಲ ತಾಟಿನಲ್ಲಿ ಸಾಲಾಗಿತ್ತು. ಅಜ್ಜಪ್ಪ ಫ್ಲೋಟ್ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಮನೆಯ ಅಳುವಿನ ನಡುವೆಯೂ ಸ್ಪಷ್ಟವಾಗಿ ಕೇಳಿತು. ಒಳಗೆ ಕುಣಿಯುತ್ತಿತ್ತು.

"ಇದನ್ನ ನಿಮ್ಮಪ್ಪ ನೋಡ್ಲಿಲ್ಲೇನು?"

ಬಾಗಿಲ ಮರೆಯಿಂದ ಮಕ್ತುಮನ ಹೆಂಡತಿ ರಸೂಲಬಿಯ ದನಿ ಬಂತು. "ಮೂರು ಸಲ ಕಿವಿಗೆ ಹಿಡದು ನೋಡಿದ್ರಣ್ಣಾ. ಚೊಲೋ ಐತಿ ಅಂದ್ರು. ವರ್ಷ ಆತು, ಕಿವಿ ಪೂರಾ ಹೋಗಿತ್ತು ಅವರದು, ತುಟಿ ನೋಡಿ ಮಾತು ತಿಳಕೊಂತಿದ್ರು. ಗಿರಾಕಿಗೆ ಗೊತ್ತಾಗಬಾರದು, ಅಜ್ಜಪ್ಪಗ ಅಂತೂ ಮೊದಲ ಗೊತ್ತಾಗಬಾರದು, ನಗತಾನ ಅಂತಿದ್ರು. ಫೋನ್ ಬಂದ್ರೂ ಕೇಳತಿರಲಿಲ್ಲ."

ಅಜ್ಜಪ್ಪ ಫ್ಲೋಟನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಕಡೆಗೆ ತಿರುಗಿದ. ಮೆಲ್ಲಗೆ ಕೇಳಿದ.

"ತಂಗೀ, ಒಂದು ತಂಬಿಗಿ ಕುದಿಯೂ ನೀರು ಬೇಕಿತ್ತು."

ಅಂಗಳದ ಒಲೆಯ ಮೇಲೆ ಹಂಡೆಯಲ್ಲಿ ನೀರು ಮರಳುತ್ತಿತ್ತು. ನಬಿಸಾಬ ಎದ್ದು ನಿಂತ. "ಸಾವ್ಕಾರ್ರ, ಅದು ಅವನ ಮಯ್ಯತ್ತಿನ ಸ್ನಾನಕ್ಕ ಇಟ್ಟ ನೀರು!"

"ಕೊಡ್ರಿ," ಎಂದಳು ರಸೂಲಬಿ. ಅಳುವಿನೊಳಗೇ ಅವಳ ದನಿಗೆ ಒಂದು ಗತ್ತು ಬಂತು. "ಇದ್ದಿದ್ರ ತಾವ ಅಂತಿದ್ರು, ನಂದು ಹಿಂದಾಗಡೆ, ಮೊದಲ ಗಾಡೀದು ನೋಡ್ರಿ ಅಂತ. ಮದಿವಿ ದಿನಾನೂ ಹಂಗ ಅಂದಿದ್ರು."

ಕುಳಿತವರಲ್ಲಿ ಯಾರೋ ನಕ್ಕರು. ನಬಿಸಾಬನೇ ತಂಬಿಗೆ ತುಂಬಿ ತಂದುಕೊಟ್ಟ.

ನೀರನ್ನು ಬೇರೆ ಪಾತ್ರೆಗೆ ಸುರುವಿ ಫ್ಲೋಟ್ ಮುಳುಗಿಸಿದರು. ಮೂರು ತಲೆಗಳು ಅದರ ಮೇಲೆ ಬಾಗಿದವು. ಒಂದು ಗುಳ್ಳೆ ಎದ್ದಿತು. ಅದರ ಬೆನ್ನಿಗೆ ಇನ್ನೊಂದು.

"ಅಕಾ ನೋಡು, ಅಲ್ಲಿ," ಎಂದ ಅಜ್ಜಪ್ಪ. "ಇನ್ನ ಕಲಾಯಿಯವನ್ನ ಎಲ್ಲಿ ಹುಡಕೂಣು?"

ಅಯಾಜ್ ಎದ್ದು ಹೋದ. ಅವನದು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಇರುವೆಯ ಕಾಲಿಗೆ ಪಟ್ಟಿ ಕಟ್ಟುವ ಉದ್ಯೋಗ ಎಂದು ಅಪ್ಪ ಅದನ್ನು ದಿನಾ ಆಡಿಕೊಳ್ಳುತ್ತಿದ್ದ. ಅಲ್ಲಿಂದ ಪೆನ್ಸಿಲ್ಲಿನಂಥ ಬೆಸುಗೆಯ ಕಡ್ಡಿ ತಂದು ಕರೆಂಟಿಗೆ ಹಚ್ಚಿದ. ಫ್ಲೋಟಿನೊಳಗಿನ ಪೆಟ್ರೋಲನ್ನೆಲ್ಲ ಬಿಸಿನೀರಿನಲ್ಲೇ ಹೊರಗೆ ಬರಿಸಿ, ಒರೆಸಿ, ಆರಿಸಿ, ತೂತಿನ ಮೇಲೆ ರಾಗಿ ಕಾಳಿನಷ್ಟು ತವರ ಕರಗಿಸಿ ಇಟ್ಟ. ಕಣ್ಣೀರು ಬೀಳದಂತೆ ಮುಖ ತುಸು ಓರೆ ಮಾಡಿಕೊಂಡಿದ್ದ. ಕೈ ಮಾತ್ರ ಅಲುಗಲಿಲ್ಲ.

ಅಜ್ಜಪ್ಪ ಬ್ಯಾಟರಿ ಹಿಡಿದಿದ್ದ. ಅದು ಅಲುಗುತ್ತಿತ್ತು. ಬೈಯುವವರು ಯಾರೂ ಇರಲಿಲ್ಲ.

ಎಲ್ಲ ಜೋಡಿಸಿ ಕೀಲಿ ತಿರುವಿದಾಗ ಗಾಡಿ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು. ಓಣಿಯಲ್ಲಿ ಕುಳಿತಿದ್ದವರೆಲ್ಲ ಎದ್ದು ಗೋಡೆಗೆ ಸರಿದರು. ಅಂಬಾಸಿಡರ್ ತನ್ನ ಕಾಲ ಮೇಲೆ ರಸ್ತೆಗೆ ಬಂತು. ಹಂಡೆಯಲ್ಲಿ ಉಳಿದ ನೀರನ್ನು ಹದಕ್ಕೆ ತಂದು ಮಕ್ತುಮನ ಮೈ ತೊಳೆದರು.

*

ನಮಾಜು ಮುಗಿದು ಶವದ ಸಂದೂಕ ಎತ್ತಿದಾಗ ಅಜ್ಜಪ್ಪ ಹತ್ತು ಹೆಜ್ಜೆ ಹೆಗಲು ಕೊಟ್ಟ. ಹನ್ನೊಂದನೆಯ ಹೆಜ್ಜೆಗೆ ಮೊಣಕಾಲು ಸೋತಿತು. ಅಯಾಜ್ ಅವನನ್ನು ಗಾಡಿಯಲ್ಲಿ ಸ್ಟೇರಿಂಗಿನ ಮುಂದೆ ಕೂರಿಸಿದ. ಜನದ ಹಿಂದೆ, ಜನ ನಡೆದಷ್ಟೇ ನಿಧಾನ, ಅಂಬಾಸಿಡರ್ ಖಬರಸ್ತಾನದತನಕ ಬಂತು. ಗೇಟಿನ ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿ ಅಜ್ಜಪ್ಪ ಕೀಲಿಗೆ ಕೈ ಹಾಕಿದ.

"ಬಂದ್ ಮಾಡಬ್ಯಾಡ್ರಿ ಕಾಕಾ," ಎಂದ ಅಯಾಜ್. "ಅಬ್ಬಾಗ ಕೇಳ್ಲಿ."

ಅಜ್ಜಪ್ಪ ಹಿಂದಿನ ಸೀಟಿನಿಂದ ಒಂದು ಹಳೆಯ ಪೇಪರ್ ತೆಗೆದು ಎಂಜಿನ್ನಿನ ಕೆಳಗೆ ಹಾಸಿ ಒಳಗೆ ಹೋದ. ತನ್ನ ಸರದಿ ಬಂದಾಗ ಮೂರು ಹಿಡಿ ಮಣ್ಣು ಕೊಟ್ಟ. ಉಗುರಿನ ಸಂದಿಯಲ್ಲಿದ್ದ ಪೆಟ್ರೋಲಿನ ವಾಸನೆ ಮಣ್ಣಿನ ಜೊತೆ ಕೆಳಗಿಳಿಯಿತು.

ತಿರುಗಿ ಬಂದಾಗಲೂ ಗಾಡಿ ಒಂದೇ ಸಮ ಉಸಿರಾಡುತ್ತಿತ್ತು. ಬಂಪರ್ ಹಿಡಿದು ಕಷ್ಟಪಟ್ಟು ಬಾಗಿ ಕಾಗದವನ್ನು ಎಳೆದುಕೊಂಡ. ಒಂದು ಅಕ್ಷರವೂ ಕದಡಿರಲಿಲ್ಲ. ಅವನದೇ ಬೆರಳಿನ ಮಣ್ಣು ಮಾತ್ರ ಅಂಚಿಗೆ ಹತ್ತಿತು.

ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎದೆಯ ಮೇಲಿನ ಲಿಂಗಕ್ಕೆ ಒತ್ತಿ ಹಿಡಿದು, ಅಜ್ಜಪ್ಪ ಕಣ್ಣು ಮುಚ್ಚಿದ.

"ಶಿವನೇ, ಚೊಲೋ ಕೆಲಸಗಾರನ್ನ ಕರಕೊಂಡೀದಿ. ಭಾಳ ದಣದಾನ. ಶಾಂತಿಲೆ ಮಲಗಸಪ್ಪಾ."