ಏಸ್ತರಬಾಯಿಯ ಮಲೀದಾ

ಮೂವತ್ತಾರನೆಯ ಇಸವಿಯಲ್ಲಿ ದಸರೆ ಮುಗಿದ ವಾರ ಏಸ್ತರಬಾಯಿ ನಮ್ಮ ಶಾಲೆಗೆ ಬಂದಳು. ಮಕ್ಕಳು ಮನೆಗೆ ಹೋಗಿದ್ದರು. ನಾನು ಹಲಗೆ ಒರೆಸುತ್ತಿದ್ದೆ. ಗಂಡನ ಜ್ವರ ಪೂರ್ತಿ ಇಳಿಯಿತು, ಹರಕೆ ತೀರಿಸಬೇಕು, ಹಾಡುವುದಕ್ಕೆ ನಿಮ್ಮ ಮಂದಿ ಬೇಕು ಅಂದಳು.

ಅವಳ ಗಂಡ ಶಾಲೋಮ ನವಗಾಂವಕರ ನಿಜಾಮ ಸರಕಾರದ ತಾಮೀರಾತ್ ಖಾತೆಯಲ್ಲಿ ಓವರ್ಸಿಯರ್. ಆಳಂದದ ಸುತ್ತಲಿನ ರಸ್ತೆಗಳಿಗೆ ಖಡಿ ಹಾಕಿಸುವ ಕೆಲಸ. ಕೊಂಕಣದ ಯೆಹೂದ್ಯರು, ಮನೆಮಾತು ಮರಾಠಿ. ಊರಿನವರಿಗೆ ಅವರ ಜಾತಿ ಕೊನೆಗೂ ಬಗೆಹರಿಯಲಿಲ್ಲ. ಕೊರಳಲ್ಲಿ ತಾಳಿ ಇದೆ, ಹಿಂದೂಗಳಲ್ಲ. ಹಂದಿ ತಿನ್ನುವುದಿಲ್ಲ, ಮುಸಲ್ಮಾನರೂ ಅಲ್ಲ. ಶನಿವಾರ ಒಲೆ ಹೊತ್ತಿಸುವುದಿಲ್ಲ. ಅವರ ಹಿರಿಯರು ಕೊಂಕಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು ಎಂದು ಕೇಳಿದ ಮೇಲೆ ಮಲ್ಕಮ್ಮ ಅವರನ್ನು ಗಾಣಿಗರೊಳಗೆ ಸೇರಿಸಿ ನಿಶ್ಚಿಂತಳಾದಳು.

ಮಲ್ಕಮ್ಮ ನಮ್ಮ ಕ್ರೈಸ್ತ ಸಭೆಯ ಹಿರಿಯಳು, ಸರಸಂಬಾದವಳು. ಓದು ಬಾರದು, ಬಾಯಲ್ಲಿ ನೂರು ಹಾಡಿವೆ. ಅವಳ ಅಣ್ಣನ ಮಗ ಪೀರಪ್ಪ ಸಭೆಯ ಉಪದೇಶಿ. ಅವರು ಗಾಣಿಗರಲ್ಲ, ದಾವೀದ ಅರಸನ ಜನ ಎಂದು ಪೀರಪ್ಪ ತಿಳಿಸಿ ಹೇಳಿದ.

"ದಾವೀದ ಅರಸನ ಮನಿತನದವ್ರು ಖಡಿ ಹಾಕಸ್ತಾರೇನಲೇ?" ಅಂದಳು ಮುದುಕಿ.

ಓವರ್ಸಿಯರ್ ಸಾಹೇಬರು ಇಪ್ಪತ್ತೊಂದು ದಿನ ವಿಷಮಜ್ವರದಲ್ಲಿ ಮಲಗಿದ್ದಾಗ ಮಲ್ಕಮ್ಮ ದಿನವೂ ಹೋಗಿ ಗಂಜಿ ಕಾಸಿ ಕೊಟ್ಟಳು. ಪೀರಪ್ಪ ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡಿದ. ನಾನು ಏಸ್ತರಬಾಯಿಯ ಪಕ್ಕದಲ್ಲಿ ಕೂತಿರುತ್ತಿದ್ದೆ. ಹಿಂದಿನ ವರ್ಷ ನನ್ನ ಮನೆಯಲ್ಲಿ ಸಾವಾದಾಗ ಅವಳು ಬಂದು ಏಳು ದಿನ ನನ್ನ ಜೊತೆ ಬರಿನೆಲದ ಮೇಲೆ ಕೂತಿದ್ದಳು. ಅವರಲ್ಲಿ ಹಾಗೆ ಕೂರುತ್ತಾರಂತೆ. ಸಮಾಧಾನದ ಮಾತು ಒಂದೂ ಆಡಲಿಲ್ಲ.

ಹರಕೆ ಎಲಿಯ ಪ್ರವಾದಿಯ ಹೆಸರಿನದು. ಅದಕ್ಕೆ ಮಲೀದಾ ಮಾಡಬೇಕು. ಆಳಂದದಲ್ಲಿ ದರ್ಗಾಕ್ಕೆ ಮಲೀದಾ ಒಯ್ಯುವವರಿದ್ದಾರೆ, ಅದು ಗೋಧಿಯದು. ಇವರದು ನೆನೆಸಿದ ಅವಲಕ್ಕಿ, ಸಕ್ಕರೆ, ಕಾಯಿತುರಿ, ಏಲಕ್ಕಿ. ಸುತ್ತ ಐದು ಬಗೆಯ ಹಣ್ಣು. ಅದನ್ನೆಲ್ಲ ತಾನು ಮಾಡಬಲ್ಲೆ, ಆದರೆ ಮುಂಬಯಿಯಲ್ಲಾದರೆ ಮನೆ ತುಂಬ ಮಂದಿ ಸೇರಿ ಪ್ರಾರ್ಥನೆಗೆ ದನಿ ಕೊಡುತ್ತಿದ್ದರು, ಇಲ್ಲಿ ಗಂಡನೊಬ್ಬನೇ ಓದಬೇಕು ಎಂದು ಏಸ್ತರಬಾಯಿ ಹೇಳಿದಳು. ನೀವು ಹಾಡುವ ದಾವೀದನ ಕೀರ್ತನೆಗಳು ನಮ್ಮವೂ ಹೌದು, ಒಂದನ್ನು ಕನ್ನಡದಲ್ಲೇ ಹಾಡಿರಿ, ದೇವರಿಗೆ ತಿಳಿಯುತ್ತದೆ ಅಂದಳು. ಆಮೇಲೆ, ಕೀರ್ತನೆ ಮಾತ್ರ ಎಂದಳು.

ಏಸ್ತರಬಾಯಿ ಹಿಂದೆ ಇದ್ದ ಊರಿನಲ್ಲಿ ಮಿಶನ್ನಿನ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಅವಳ ಮನೆಗೆ ಬಂದು ಹೋಗುತ್ತಿದ್ದಳು. ಒಂದು ದಿನ ಮಿಶನ್ನಿನ ಪತ್ರಿಕೆ ಕೈಗೆ ಸಿಕ್ಕಿತು. ಯೆಹೂದ್ಯ ಸಹೋದರಿಯೊಬ್ಬಳು ಬೆಳಕಿನ ಹತ್ತಿರ ಬಂದಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿರಿ ಎಂದು ಅದರಲ್ಲಿ ಅಚ್ಚಾಗಿತ್ತು. ಮನೆಯ ಓಣಿ, ಮಕ್ಕಳಿಲ್ಲದ ದುಃಖ, ಎಲ್ಲ ಇತ್ತು.

"ನಾ ಆಕಿನ್ನ ಗೆಳತಿ ಅಂತ ತಿಳಿದಿದ್ದೆ, ಸುಂದರಬಾಯಿ. ನಾ ಆಕಿ ಕೆಲಸ ಆಗಿದ್ದೆ."

ಆಮೇಲೆ ಆ ಹೆಣ್ಣುಮಗಳಿಗೆ ಇವಳ ಮನೆಯ ಬಾಗಿಲು ತೆರೆಯಲಿಲ್ಲವಂತೆ. ನನ್ನ ಮನೆಯಲ್ಲಿ ಹಾಡು ಮಾತ್ರ ಆಗುತ್ತದೆ ಎಂದು ನೀನು ಮಾತು ಕೊಡು ಅಂದಳು. ಕೊಟ್ಟೆ. ಆಳಂದದಲ್ಲಿ ನಾನು ಹೋಗಿ ಕೂರುವ ಮನೆ ಅದೊಂದೇ ಇತ್ತು.

ಪೀರಪ್ಪ ಒಪ್ಪಲಿಲ್ಲ. ಆ ಅಂಗಳದಲ್ಲಿ ಇಪ್ಪತ್ತೊಂದು ದಿನ ಯೇಸುವಿನ ಹೆಸರಲ್ಲೇ ಬೇಡಿಕೊಂಡಿದ್ದೇನೆ, ಈಗ ಅವರೇ ಕರೆದು ಕೂಡಿಸಿದಾಗ ಆ ಹೆಸರನ್ನೇ ನುಂಗಿಕೊಂಡು ಬರಬೇಕೆ ಎಂದ. ಅದು ಹಟದ ಮಾತಲ್ಲ, ಅವನಿಗೆ ನಿಜವಾಗಿ ಸಂಕಟವಾಗಿತ್ತು. ಸರಸಂಬಾದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವನು ಅವನೊಬ್ಬನೇ. ಒಂದು ವರ್ಷ ಜೊತೆಗೆ ಯಾರೂ ಇರಲಿಲ್ಲ. ಮುಮ್ಮೇಳದ ಸಾಲನ್ನೂ ತಾನೇ ಹಾಡಿ, ಹಿಮ್ಮೇಳದ ಸಾಲನ್ನೂ ತಾನೇ ಹಾಡುತ್ತಿದ್ದ. ಗೋಡೆಯಾಚೆಯಿಂದ ಕೇಳಿದರೆ ಇಬ್ಬರು ಜಗಳಾಡಿದಂತಿರುತ್ತಿತ್ತು ಎಂದು ಮಲ್ಕಮ್ಮ ಈಗಲೂ ನಗುತ್ತಾಳೆ.

"ನನಗ ಯಾರೋ ಹೇಳಿದ್ರು, ಅದಕ್ಕ ನಾ ಮನುಷ್ಯಾ ಆದೆ, ಅಕ್ಕೋರ. ನಾ ಇನ್ನೊಬ್ರಿಗಿ ಹೇಳದ ಇದ್ರ ಕಳವು ಮಾಡಿದಂಗ ಆಗ್ತದ" ಅಂದ ಪೀರಪ್ಪ.

ಅವಳ ಮನೆ, ಅವಳ ಹರಕೆ ಎಂದೆ. ಕೇಳಿದರೆ ಹೇಳಿರಿ, ಕೇಳದಿದ್ದರೆ ಹಾಡಿ ಎದ್ದು ಬರೋಣ. ನಾನು ಕೊಟ್ಟ ಮಾತನ್ನೂ ತಿಳಿಸಿದೆ. ಕೊನೆಗೆ ಪೀರಪ್ಪ ಹೂಂ ಅಂದ.

ಮೂರು ಸಂಜೆ ಶಾಲೆಯಲ್ಲಿ ತಾಲೀಮು ಮಾಡಿದೆವು. ಹಾರ್ಮೋನಿಯಂ ನನ್ನ ಗಂಡನದು. ಅವರು ಹೋದ ಮೇಲೆ ಹದಿನಾಲ್ಕು ತಿಂಗಳು ಮುಚ್ಚಿಟ್ಟಿದ್ದೆ. ಎರಡು ಪಟ್ಟಿ ಕೂಗಲಿಲ್ಲ. ಉಳಿದವು ಸಾಕಾದವು.

ತೊಡಕು ಬಂದದ್ದು ಮಲ್ಕಮ್ಮನಿಂದ. ನಮ್ಮ ಸಭೆಯಲ್ಲಿ ಯಾವ ಕೀರ್ತನೆ ಹಾಡಿದರೂ ಕೊನೆಗೆ ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೆಸರಿನ ಸ್ತುತಿ ಹಾಡಿಯೇ ಮುಗಿಸುತ್ತೇವೆ. ಅದು ಕೀರ್ತನೆಯ ಭಾಗವಲ್ಲ, ನಾವು ಸೇರಿಸಿಕೊಂಡದ್ದು. ಓದು ಬಾರದ ಮಲ್ಕಮ್ಮ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿತಿದ್ದಳು. ನಾವೆಲ್ಲ ನಿಂತ ಮೇಲೂ ಅವಳೊಬ್ಬಳ ದನಿ ಮುಂದೆ ಹೋಗುತ್ತಿತ್ತು. ನಿಲ್ಲಿಸು ಎಂದರೆ ಅವಳಿಗೂ ಬೇಸರ.

"ಬಾಲ ಕೊಯ್ದ ದನದಂಗ ಕಾಣ್ತದವ್ವಾ ಇದು" ಅಂದಳು.

ಪೀರಪ್ಪ ಚರ್ಮ ಬಿಗಿಯಾಗಲೆಂದು ದಮ್ಮಡಿ ಕಾಸುತ್ತ ಕೂತಿದ್ದ. ಅತ್ತೆಯ ಬಾಯಿಂದ ತಾನಾಗಿ ಬಂದರೆ ತನ್ನ ಮಾತೇನೂ ತಪ್ಪಿದಂತಾಗುವುದಿಲ್ಲ ಎಂದು ಅವನು ಎಣಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ರವಿವಾರ ಮಧ್ಯಾಹ್ನ ಹೋದೆವು. ನಾವು ಎಂಟು ಜನ. ಪೀರಪ್ಪನ ಕೋಟಿನ ಜೇಬಿನಲ್ಲಿ ಸುವಾರ್ತೆಯ ಪುಟ್ಟ ಪುಸ್ತಕವೊಂದು ಉಬ್ಬಿಕೊಂಡಿತ್ತು. ನಾನು ನೋಡಿದೆ. ನೋಡಿದ್ದನ್ನು ಅವನೂ ನೋಡಿದ.

ಒಳಮನೆಯಲ್ಲಿ ಬಿಳಿ ಚಾದರ ಹಾಸಿದ್ದರು. ನಮ್ಮ ಮಂದಿಯನ್ನು ಹಾಗೆ ಒಳಗೆ ಕರೆದು ಚಾದರದ ಮೇಲೆ ಕೂಡಿಸುವ ಮನೆಗಳು ಊರಲ್ಲಿ ಹೆಚ್ಚಿರಲಿಲ್ಲ. ಮಲ್ಕಮ್ಮ ಅಂಚಿನಲ್ಲೇ ಕೂತಳು. ಏಸ್ತರಬಾಯಿ ಅವಳ ರಟ್ಟೆ ಹಿಡಿದು ನಡುವಿಗೆ ಎಳೆದು ತಂದಳು. ನಡುವೆ ದೊಡ್ಡ ತಾಟಿನಲ್ಲಿ ಮಲೀದಾ. ಸುತ್ತಲೂ ಬಾಳೆ, ಪೇರಲ, ಸೀತಾಫಲ, ದಾಳಿಂಬೆ, ಖಜೂರ. ಮೇಲೊಂದು ಗುಲಾಬಿ. ಮನೆಯೆಲ್ಲ ಏಲಕ್ಕಿಯ ವಾಸನೆ.

ಓವರ್ಸಿಯರ್ ಸಾಹೇಬರು ಟೊಪ್ಪಿಗೆ ಹಾಕಿ, ಶಾಲು ಹೊದ್ದು ಎದ್ದು ನಿಂತರು. ಕೋಟು ಮೈಮೇಲೆ ಜೋತಾಡುತ್ತಿತ್ತು. ಅವರ ಹಳೆಯ ಭಾಷೆಯಲ್ಲಿ ಒಂದು ಸಾಲು ಓದಿದರು, ಸ್ವಲ್ಪ ತಡೆದರು, ಆಮೆನ್ ಎಂದು ತಾವೇ ಅಂದರು. ಇನ್ನೊಂದು ಸಾಲು ಓದಿದರು. ಮತ್ತೆ ತಡೆದು ತಾವೇ ಆಮೆನ್ ಅಂದರು. ದನಿ ಕೊಡುವವರಿಗಾಗಿ ಬಿಟ್ಟ ಜಾಗ ಪ್ರತಿ ಸಲ ಖಾಲಿ ಉಳಿಯುತ್ತಿತ್ತು.

ಪೀರಪ್ಪ ತಲೆ ಎತ್ತಿದ. ಮೂರನೆಯ ಸಲ ಆ ಜಾಗದಲ್ಲಿ ಅವನ ದಪ್ಪ ದನಿ ಬಂತು.

"ಆಮೆನ್."

ಓವರ್ಸಿಯರ್ ಸಾಹೇಬರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಮುಂದಿನ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದರು. ಆಮೇಲೆ ನಾವೆಲ್ಲರೂ ಆಮೆನ್ ಅಂದೆವು. ಆ ಮಾತು ಅವರಿಗೂ ನಮಗೂ ಒಂದೇ.

ಬಳಿಕ ನಮ್ಮ ಸರದಿ. ಕೀರ್ತನೆ ಎತ್ತಿಕೊಂಡೆವು. ಚೆನ್ನಾಗಿ ಬಂತು. ಕೊನೆಯ ಸಾಲಿಗೆ ಬಂದಾಗ ನಾನು ಮಲ್ಕಮ್ಮನ ಕಡೆ ನೋಡಿದೆ. ನಿಲ್ಲಿಸಿದೆವು. ಮಲ್ಕಮ್ಮನ ಕಣ್ಣು ಮುಚ್ಚಿದ್ದವು, ಎದೆ ಉಬ್ಬಿತು, ಬಾಯಿ ತೆರೆಯಿತು.

ಪೀರಪ್ಪ ದಮ್ಮಡಿಯನ್ನು ಜೋರಾಗಿ ಬಾರಿಸಿ ಕೀರ್ತನೆಯ ಮೊದಲ ಸಾಲನ್ನು ಮತ್ತೆ ಎತ್ತಿಕೊಂಡ.

ನಾವೂ ದನಿಗೂಡಿಸಿದೆವು. ಮಲ್ಕಮ್ಮ ಕಣ್ಣು ಬಿಟ್ಟು ನೋಡಿ, ಇರಲಿ ಎಂದು ಹಾಡಿದಳು. ಎರಡನೆಯ ಸಲ ಕೊನೆ ಬಂತು. ಮತ್ತೆ ಅವಳ ಎದೆ ಉಬ್ಬಿತು. ಮತ್ತೆ ದಮ್ಮಡಿ, ಮತ್ತೆ ಮೊದಲ ಸಾಲು. ಪೀರಪ್ಪನ ಹಣೆಯಲ್ಲಿ ಬೆವರು. ಹಾರ್ಮೋನಿಯಂಗೆ ಗಾಳಿ ಹಾಕಿ ನನ್ನ ಎಡಗೈ ಸೋತಿತು. ಓವರ್ಸಿಯರ್ ಸಾಹೇಬರು ಕನ್ನಡ ಕೀರ್ತನೆ ಇಷ್ಟು ಉದ್ದವೇ ಎಂದು ಬೆರಗಾಗಿ ನೋಡುತ್ತಿದ್ದರು. ಮೂರನೆಯ ಸಲ ಕೊನೆ ಹತ್ತಿರ ಬರುತ್ತಿದ್ದಂತೆ ಏಸ್ತರಬಾಯಿ ಮಂಡಿಯ ಮೇಲೆ ಎದ್ದಳು. ತಾಟಿನಿಂದ ಹಿಡಿ ತುಂಬ ಮಲೀದಾ ತೆಗೆದು, ತೆರೆದ ಆ ಬಾಯಿಗೆ ತುಂಬಿದಳು.

"ತಿನ್ರಿ, ಮಾವಶಿ" ಅಂದಳು. ತಾಯಿಯ ತಂಗಿಯನ್ನು ಅವರು ಹಾಗೆ ಕರೆಯುತ್ತಾರೆ.

ಮಲ್ಕಮ್ಮ ಅಗಿದಳು. ನುಂಗಿದಳು. ಏಲಕ್ಕಿ ಚಲೋ ಬಿದ್ದದ ಅಂದಳು.

ಮೊದಲು ನಕ್ಕವರು ಓವರ್ಸಿಯರ್ ಸಾಹೇಬರು. ಆಮೇಲೆ ಪೀರಪ್ಪ, ದಮ್ಮಡಿಯಲ್ಲಿ ಮುಖ ಮುಚ್ಚಿಕೊಂಡು. ಕಾರಣ ತಿಳಿಯದ ಮಲ್ಕಮ್ಮನೂ ನಕ್ಕಳು, ಬಾಯಿಂದ ಅವಲಕ್ಕಿ ಹಾರಿತು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕೆ.

ಹಣ್ಣು ಹಂಚಿದ ಮೇಲೆ ಪಡಸಾಲೆಯಲ್ಲಿ ಚಹಾಕ್ಕೆ ಕೂತೆವು. ಏಸ್ತರಬಾಯಿ ಪೀರಪ್ಪನ ಎದುರಿಗೇ ಕೂತು ಕೇಳಿದಳು.

"ಹರಕಿ ಮುಗೀತು, ಪೀರಪ್ಪ. ಈಗ ಹೇಳ್ರಿ. ಮಾವಶಿ ಬಾಯಾಗ ನೀವು ತಡದದ್ದು ಏನು?"

ಪೀರಪ್ಪನ ಕೈ ಜೇಬಿಗೆ ಹೋಯಿತು. ಪುಸ್ತಕ ಅರ್ಧ ಹೊರಗೆ ಬಂತು. ನನ್ನ ಕಡೆ ನೋಡಿದ. ಅದನ್ನು ಮತ್ತೆ ಒಳಗೆ ತಳ್ಳಿದ.

"ಅತ್ತಿ ಅದಕ್ಕ ಕೀರ್ತನಿ ಬಾಲ ಅಂತಾಳ್ರಿ. ಅದರಾಗ ಮೂರು ಹೆಸರು ಬರ್ತಾವ್ರಿ. ಒಂದು ನಿಮ್ಮ ಮಂದ್ಯಾಗ ಹುಟ್ಟಿದಾವಂದು. ನಮ್ಮನ್ನ ಯಾರೂ ಪಡಸಾಲಿ ಹತ್ತಗೊಡದಾಗ ಆ ಹೆಸರು ಹೇಳಿ ಒಬ್ರು ಒಳಗ ಕರದ್ರು. ನಾವು ಅದನ್ನ ಬಿಡಂಗಿಲ್ರಿ. ನಿಮಗ ಹೇಳಬೇಕಂತ ಆಶಾ ಭಾಳ ಅದ. ಸುಳ್ಳ ಯಾಕ ಹೇಳ್ಲಿ."

"ಎದುರಿಗೆ ಹೇಳಿದ್ರಿ, ಚಲೋ ಆತು. ಹಿಂದ ಬರೀಬ್ಯಾಡ್ರಿ, ಅಷ್ಟ" ಅಂದಳು ಏಸ್ತರಬಾಯಿ.

ಓವರ್ಸಿಯರ್ ಸಾಹೇಬರು ತಮ್ಮ ಮುತ್ತಜ್ಜನ ಕಥೆ ತೆಗೆದರು. ಅವರಿಗೆ ಅಕ್ಷರ ಕಲಿಸಿ ಪವಿತ್ರ ಪುಸ್ತಕವನ್ನು ಮರಾಠಿಯಲ್ಲಿ ಕೈಗಿಟ್ಟವನು ಒಬ್ಬ ಪಾದ್ರಿ. ಮುತ್ತಜ್ಜ ಪೂರ್ತಿ ಓದಿದರು. ಓದಿ ಮೊದಲಿಗಿಂತ ಗಟ್ಟಿ ಯೆಹೂದ್ಯರಾದರು. ಪಾದ್ರಿ ಸಿಟ್ಟಾಗಲಿಲ್ಲವೇ ಎಂದು ನಮ್ಮವರು ಕೇಳಿದರು. ಸಾಯುವತನಕ ಪಾದ್ರಿ ಪ್ರತಿ ವಾರ ಊಟಕ್ಕೆ ಬರುತ್ತಿದ್ದ, ಪ್ರತಿ ವಾರ ಇಬ್ಬರೂ ವಾದ ಮಾಡುತ್ತಿದ್ದರು, ಮೀನಿನ ಸಾರು ಅಷ್ಟು ರುಚಿಯಾಗಿರುತ್ತಿತ್ತು ಎಂದರು ಸಾಹೇಬರು.

ಏಸ್ತರಬಾಯಿ ಮಲ್ಕಮ್ಮನ ಮುಂದೆ ಕಪ್ಪು ಇಟ್ಟಳು.

"ಈಗ ಹಾಡ್ರಿ, ಮಾವಶಿ. ನಿಮ್ಮ ಬಾಲ. ನಾ ಕೇಳ್ತೇನಿ. ಹಾಡಂಗಿಲ್ಲ."

ಮಲ್ಕಮ್ಮ ಹಾಡಿದಳು. ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಗೇ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಬಂಡಿ ನಿಂತಿತು.

ಆ ವರ್ಷದ ಕ್ರಿಸ್ಮಸ್ಸಿಗೆ ಏಸ್ತರಬಾಯಿ ತಾನಾಗಿ ನಮ್ಮ ಸಭೆಗೆ ಬಂದು ಮಲ್ಕಮ್ಮನ ಪಕ್ಕದಲ್ಲಿ ಕೂತಳು. ಅದೇ ಕೀರ್ತನೆ ಹಾಡಿದೆವು. ತಾಲೀಮಿಲ್ಲದೆ ಅವಳಿಗೆ ಅರ್ಧ ಬಾಯಿಗೆ ಬಂದಿತ್ತು, ಹಾಡಿದಳು. ಕೊನೆಯ ಸಾಲು ಮುಗಿದು ಅವಳು ತುಟಿ ಮುಚ್ಚುವಷ್ಟರಲ್ಲಿ ಮಲ್ಕಮ್ಮ ಉಡಿಯಿಂದ ಕರ್ಚಿಕಾಯಿ ತೆಗೆದು ಅವಳ ಬಾಯಿಗೆ ಇಟ್ಟಳು. ಅವಳ ಊಟದ ನೇಮಕ್ಕೆ ನಡೆಯುವ ಹಾಗೆ ಕುಸುಬಿ ಎಣ್ಣೆಯಲ್ಲಿ ಬೇರೆಯಾಗಿ ಕರಿದದ್ದು. ಇಟ್ಟು, ಕಣ್ಣು ಮುಚ್ಚಿ, ಮೂರು ಹೆಸರನ್ನೂ ಅವಳ ಕಿವಿಯ ಹತ್ತಿರವೇ ಎತ್ತಿ ಹಾಡಿದಳು.

ಏಸ್ತರಬಾಯಿ ಅಗಿಯುತ್ತ ಚಪ್ಪಾಳೆ ತಟ್ಟಿದಳು. ತಾಳ ತಪ್ಪಲಿಲ್ಲ.