ಕೆಂಪತ್ತೆಯ ಚಾಡಿ

ಕೆಂಪತ್ತೆ ಅಂತ ಹೆಸರಿಟ್ಟವರು ಮಕ್ಕಳು. ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಆರು ಕಂಪ್ಯೂಟರುಗಳಿದ್ದವು. ಯಾವ ಮಗುವಾದರೂ ಅದರಲ್ಲಿ ಕೇಳಬಾರದ್ದನ್ನು ಟೈಪ್ ಮಾಡಿದರೆ ಪರದೆಯೆಲ್ಲ ಕೆಂಪಾಗಿ ‘ಈ ವಿಷಯ ಮಕ್ಕಳಿಗೆ ತಕ್ಕದ್ದಲ್ಲ’ ಎಂಬ ಸಾಲು ಮೂಡುತ್ತಿತ್ತು. ಕೀ ಎಂದು ಸದ್ದಾಗುತ್ತಿತ್ತು. ಅಷ್ಟು ಸಾಲದು ಅಂತ ಮಗು ಬರೆದ ಮಾತು ಒಂದಕ್ಷರ ಬಿಡದೆ ಅದರ ಮನೆಯವರ ಮೊಬೈಲಿಗೆ ಹೋಗುತ್ತಿತ್ತು. ಇಂಥ ಚಾಡಿಕೋರ ಅತ್ತೆಯೊಬ್ಬಳು ಯಾರ ಮನೆಯಲ್ಲಿಲ್ಲ? ಹೆಸರು ಒಂದೇ ದಿನಕ್ಕೆ ಅಂಟಿಕೊಂಡಿತು.

ಇನ್ನು ಕೆಂಪತ್ತೆಯ ಬುದ್ಧಿಯೋ, ದೇವರಿಗೇ ಪ್ರೀತಿ. ಶಾಲೆಯ ಪಾಠಕ್ಕೆಂದು ‘ಎದೆಯ ಒಳಗೆ ಏನಿದೆ’ ಎಂದು ಕೇಳಿದ ಹುಡುಗನ ಅಪ್ಪ ಕೆಲಸ ಬಿಟ್ಟು ಓಡಿಬಂದಿದ್ದ. ಅದೇ ಪರದೆಯ ಮೂಲೆಯಲ್ಲಿ ಜೂಜಾಡಿ ಕೋಟಿ ಗೆಲ್ಲಿ ಎಂದು ಅರೆಬಟ್ಟೆಯ ಹೆಂಗಸು ಕುಣಿಯುತ್ತಿದ್ದರೆ ಕೆಂಪತ್ತೆಗೆ ಜಾಣಕುರುಡು. ಗ್ರಂಥಪಾಲಕಿ ಇದನ್ನೆಲ್ಲ ಕಂಡು ಗೊಣಗುತ್ತಿದ್ದಳು. ಮೇಲಿನ ಸಾಹೇಬರು ಮಕ್ಕಳ ಸುರಕ್ಷತೆಯ ವಿಷಯ ಮೇಡಂ ಎಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಸಾಲದ್ದಕ್ಕೆ ತನ್ನದೂ ಒಂದಿರಲಿ ಎಂದು ನಿಯಮ ಸೇರಿಸಿದ್ದಳು. ಕೆಂಪು ಬಂದ ಮಗು ಎದ್ದು ಹೋಗಿ ಬಾಗಿಲಲ್ಲಿ ಚಪ್ಪಲಿ ಗೂಡಿನ ಪಕ್ಕ ನಿಲ್ಲಬೇಕು, ಮನೆಯವರೇ ಬಂದು ಕರೆದುಕೊಂಡು ಹೋಗಬೇಕು. ಅದನ್ನು ದುಂಡಗೆ ಬರೆದು ಗೋಡೆಗೂ ಅಂಟಿಸಿದ್ದಳು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಕೀ ಎಂದಾಗ ಕಿಟಕಿ ಬದಿಯ ಕುರ್ಚಿಯಿಂದ ಎದ್ದವಳು ಗುಬ್ಬಿ. ಹನ್ನೆರಡು ತುಂಬದ ಹುಡುಗಿ, ಮಾತು ಕಮ್ಮಿ, ಉಗುರು ಕಚ್ಚುವ ಚಾಳಿ. ಕೆಂಪತ್ತೆ ಬಂದ್ಲು, ಕೆಂಪತ್ತೆ ಬಂದ್ಲು ಎಂದು ಉಳಿದ ಮಕ್ಕಳು ಕಿಸಿಕಿಸಿ ನಕ್ಕವು. ಹರಿದ ಪುಸ್ತಕಗಳ ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸುತ್ತಿದ್ದ ಗ್ರಂಥಪಾಲಕಿ ತಲೆಯೆತ್ತಿ, ಬೇರೆಯವರಾದರೆ ಸರಿ, ನೀನೂ ಹೀಗಾ ಎಂದು ಗದರಿದಳು. ಹುಡುಗಿ ಹೋಗಿ ಚಪ್ಪಲಿ ಗೂಡಿನ ಪಕ್ಕ ನಿಂತಳು.

ಕೈಯ ಅಂಟು ಒರೆಸಿಕೊಂಡು, ಪರದೆ ಸರಿಮಾಡೋಣವೆಂದು ಹೋದ ಗ್ರಂಥಪಾಲಕಿ ಕೆಂಪಿನ ಕೆಳಗಿದ್ದ ಸಾಲನ್ನು ಓದಿದಳು. ‘ಮನೆಯವರೇ ಕೆಟ್ಟ ಫೋಟೋ ಕಳಿಸು ಅಂತ ಹೆದರಿಸಿದರೆ ಯಾರಿಗೆ ಹೇಳಬೇಕು.’

ಇನ್ನೊಂದು ಸಲ ಓದಿದಳು. ಮೇಜಿಗೆ ಬಂದು ಹುಡುಗಿಯ ಕಾರ್ಡು ತೆಗೆದಳು. ಅಪ್ಪ ಇಲ್ಲ. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು, ಕೆಲಸದ ಹೊತ್ತಿನಲ್ಲಿ ಮೊಬೈಲು ಮುಟ್ಟುವಂತಿಲ್ಲ. ತಾಯಿ ಮಗಳು ಇರುವುದು ದೊಡ್ಡಪ್ಪನ ಮನೆಯಲ್ಲಿ. ಕಾರ್ಡಿನ ಮೇಲಿದ್ದುದು ಆ ದೊಡ್ಡಪ್ಪನ ಸಹಿ, ಅವನದೇ ನಂಬರು. ಹುಡುಗಿ ಬರೆದ ಸಾಲು ಆಗಲೇ ಅವನಿಗೆ ತಲುಪಿತ್ತು.

ಅವಳು ಗುಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮನೆಯವರು ಅಂದರೆ ಯಾರು ಮಗಾ ಎಂದು ಮೆಲ್ಲಗೆ ಕೇಳಿದಳು.

"ದೊಡ್ಡಪ್ಪಂಗೆ ಗೊತ್ತಾಯ್ತಾ? ಬರ್ತಾರಾ?" ಎಂದಳು ಗುಬ್ಬಿ. ಬಾಗಿಲ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಗ್ರಂಥಪಾಲಕಿಗೆ ಬಂತು ನೋಡಿ ಸಿಟ್ಟು. ಮೊದಲು ಕೆಂಪತ್ತೆಯ ಮೇಲೆ. ಆಮೇಲೆ ಅದನ್ನು ತಂದು, ರಿಬ್ಬನ್ ಕತ್ತರಿಸಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ ಸಾಹೇಬರ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಬಂದು ಹಿಡಿದುಕೊಂಡು ಹೋಗಲಿ ಎಂದು ತಾನೇ ಈ ಕೂಸನ್ನು ಬಾಗಿಲಲ್ಲಿ ನಿಲ್ಲಿಸಿದ್ದಳಲ್ಲ! ಗುಬ್ಬಿಯ ಕೈ ಹಿಡಿದು ಒಳಗೆ ಪುಸ್ತಕ ರಿಪೇರಿಯ ಕೋಣೆಯಲ್ಲಿ ಕೂರಿಸಿದಳು. ಕಾರ್ಖಾನೆಗೆ ಫೋನು ಮಾಡಿ, ಇಂಥವಳನ್ನು ಈಗಿಂದೀಗಲೇ ಕಳಿಸಿ ಎಂದಳು. ಶಿಫ್ಟು ಮುಗಿಯಲಿ ಎಂದ ಆ ಕಡೆಯವನಿಗೆ ಅವಳು ಆಡಿದ ಮಾತು ಕೆಂಪತ್ತೆಯ ಕಿವಿಗೆ ಬಿದ್ದಿದ್ದರೆ ಆರೂ ಪರದೆ ಕೆಂಪಾಗುತ್ತಿದ್ದವು. ಮಕ್ಕಳ ಸಹಾಯವಾಣಿಗೂ ಮಾಡಿದಳು. ಕೊನೆಗೆ ಸಾಹೇಬರಿಗೆ. ಸಾಹೇಬರು ಎಲ್ಲ ಕೇಳಿಸಿಕೊಂಡು, ಹುಡುಗಿ ಯಾರ ಹೆಸರೂ ಹೇಳಿಲ್ಲವಲ್ಲ, ಮನೆಯ ವಿಷಯಕ್ಕೆ ನಾವು ಮೂಗು ತೂರಿಸುವುದು ಬೇಡ, ಕಾರ್ಡಿನಲ್ಲಿರುವವರು ಬಂದರೆ ಕಳಿಸಿ ಕೈತೊಳೆದುಕೊಳ್ಳಿ ಎಂದರು.

"ಕಳಿಸಲ್ಲ ಸರ್," ಎಂದು ಅವಳು ಫೋನಿಟ್ಟಳು.

ದೊಡ್ಡಪ್ಪ ಬಂದ. ಇಸ್ತ್ರಿಯ ಅಂಗಿ, ಕೈಯಲ್ಲಿ ಹೆಲ್ಮೆಟ್ಟು, ಮುಖದ ತುಂಬ ನಗು. ಈಗಿನ ಮಕ್ಕಳು ಏನೇನೋ ನೋಡಿ ಇಲ್ಲದ ಕತೆ ಕಟ್ಟುತ್ತವೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದ. ನಿಮ್ಮ ವ್ಯವಸ್ಥೆ ಬಹಳ ಚೆನ್ನಾಗಿದೆ, ತಕ್ಷಣ ನಮಗೆ ಗೊತ್ತಾಗುತ್ತದೆ ಎಂದು ಹೊಗಳಿದ ಬೇರೆ. ಆ ಹೊಗಳಿಕೆಗೆ ಅವಳ ಮೈಯೆಲ್ಲ ಉರಿದುಹೋಯಿತು. ತಾಯಿ ಬರುವವರೆಗೂ ಹುಡುಗಿಯನ್ನು ಕಳಿಸುವುದಿಲ್ಲ ಎಂದಳು.

ಅವನ ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. "ಮನೆಯವ್ರು ಬಂದು ಕರ್ಕೊಂಡು ಹೋಗ್ಬೇಕು ಅಂತ ನೀವೇ ಬರೆದು ಹಾಕಿದೀರಲ್ಲ ಮೇಡಂ."

ಅವಳು ಗೋಡೆಯ ಹತ್ತಿರ ಹೋಗಿ ಆ ಹಾಳೆಯನ್ನು ಪರ್ರನೆ ಕಿತ್ತು ಮುದ್ದೆ ಮಾಡಿದಳು. "ಈಗ ಇಲ್ಲ. ಸಹಾಯವಾಣಿಯವ್ರು ಹೊರಟಿದಾರೆ. ಅವ್ರು ಬರೋವರೆಗೂ ಕೂತಿರ್ತೀರಾ? ಕುರ್ಚಿ ಹಾಕ್ತೀನಿ."

ಕೂರಲಿಲ್ಲ ಅವನು. ನಿನ್ನ ಕೆಲಸ ಹೇಗೆ ಉಳಿಯುತ್ತೋ ನೋಡ್ತೀನಿ ಎಂದು ಹಲ್ಲು ಕಡಿದು ಮೆಟ್ಟಿಲಿಳಿದು ಹೋದ. ಮಕ್ಕಳಲ್ಲಿ ಒಂದೂ ನಗಲಿಲ್ಲ.

ತಾಯಿ ಓಡಿಬಂದಾಗ ಕಾರ್ಖಾನೆಯ ಏಪ್ರನ್ನು ಮೈಮೇಲೇ ಇತ್ತು, ತೋಳಿಗೆಲ್ಲ ದಾರದ ತುಣುಕು ಅಂಟಿದ್ದವು. ಗುಬ್ಬಿ ಅವಳ ಕಿವಿಯಲ್ಲಿ ಹೇಳಿದಳು. ಮಗಳು ಪೂರ್ತಿ ಹೇಳಿ ಮುಗಿಸುವ ಮೊದಲೇ ತಾಯಿ ಏಪ್ರನ್ನನ್ನು ಬಾಯಿಗೊತ್ತಿಕೊಂಡು ನೆಲಕ್ಕೆ ಕುಸಿದಳು. ಅನ್ನ ಹಾಕಿದ ಭಾವ, ಮಗಳಿಗೆ ಮೊಬೈಲು ಕೊಡಿಸಿದ ಭಾವ ಎಂದು ಅದನ್ನೇ ಅಂದಳು, ಅತ್ತಳು, ಆಮೇಲೆ ಅವನ ವಂಶವನ್ನೆಲ್ಲ ಎತ್ತಿ ಶಪಿಸಿದಳು. ಇನ್ನು ಬೀದಿಯಲ್ಲಿ ಮಲಗಿದರೂ ಸರಿ, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಮಗಳನ್ನು ಅವುಚಿಕೊಂಡಳು.

ಗ್ರಂಥಪಾಲಕಿಯೂ ಅಲ್ಲೇ ನೆಲದ ಮೇಲೆ ಕೂತಳು. ಅವಳ ಸಿಟ್ಟಿನ್ನೂ ಇಳಿದಿರಲಿಲ್ಲ. ದಿನಾ ಬರುತ್ತಿದ್ದೆಯಲ್ಲ ಪುಟ್ಟಾ, ಆ ಹಾಳು ಕಂಪ್ಯೂಟರನ್ನು ಕೇಳುವ ಬದಲು ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ ಎಂದಳು.

ಗುಬ್ಬಿ ಅಮ್ಮನ ತೋಳಿನ ದಾರವನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

"ಇವತ್ತು ಹೇಳೋಕೇ ಬಂದಿದ್ದೆ," ಎಂದಳು. "ನಿಮ್ಮ ಮೇಜಿನ ಹತ್ರ ಸುಮಾರು ಹೊತ್ತು ನಿಂತಿದ್ದೆ. ನೀವು ತಲೆ ಎತ್ಲಿಲ್ಲ. ಏನಿದ್ರೂ ಕಂಪ್ಯೂಟರ್‌ನಲ್ಲಿ ಕೇಳ್ಕೋ ಹೋಗು ಅಂದ್ರಿ."